ಗೋಣು ಹಾಕಿದ ಅಕ್ಕೋರು

ಟೀವಿಯಲ್ಲಿ ನಾನು ಕಾಣಿಸಿಕೊಂಡದ್ದು ಒಂದೇ ಸಲ, ಅದೂ ಒಂದು ಗುಟುಕು ನೀರು ನುಂಗುವಷ್ಟು ಹೊತ್ತು. ಮಾತಾಡಲಿಲ್ಲ. ಹೆಸರು ಬರಲಿಲ್ಲ. ಗೋಣು ಹಾಕಿದೆ, ಅಷ್ಟೇ. ಆ ಒಂದು ಗೋಣಿನಿಂದ ಊರಿನಲ್ಲಿ ನನಗೆ ಸಿಕ್ಕ ಮರ್ಯಾದೆ, ಇಷ್ಟು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ್ದಕ್ಕೆ ಸಿಕ್ಕಿರಲಿಲ್ಲ. ಅದರ ಬದಲಿಗೆ ಏನು ಹೋಯಿತು ಎಂಬುದನ್ನು ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕೆನಿಸಿದೆ.

ನಮ್ಮದು ಬೆಣ್ಣೆಹಳ್ಳದ ದಂಡೆಯ ಊರು. ಕರಿಮಣ್ಣು, ಹತ್ತಿ, ಕಡಲೆ, ಜೋಳ. ಬೇಸಿಗೆಯಲ್ಲಿ ಪಾದ ತೊಯ್ಯದಂತೆ ಹಳ್ಳ ದಾಟಬಹುದು. ಹುಬ್ಬಳ್ಳಿ ಕಡೆ ದೊಡ್ಡ ಮಳೆಯಾದರೆ ಮಾತ್ರ, ನಮ್ಮಲ್ಲಿ ಒಂದು ಹನಿ ಬೀಳದಿದ್ದರೂ, ಕೆಳಗಿನ ಓಣಿಗೆ ನೀರು ನುಗ್ಗುತ್ತದೆ. ನಾನು ಈ ಊರಿಗೆ ಸೊಸೆಯಾಗಿ ಬಂದವಳು. ಪಕ್ಕದ ಊರಿನ ಹೈಸ್ಕೂಲಿನಲ್ಲಿ ಕಲಿಸುತ್ತೇನೆ, ಮುಂಜಾನೆ ಮೊರಬದ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತೇನೆ. ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತಾರೆ. ಊರಿಗೆಲ್ಲ ನಾನು ಅಕ್ಕೋರು. ನನ್ನ ಗಂಡನಿಗೆ ಬೀಜ-ಗೊಬ್ಬರದ ಅಂಗಡಿ. ಆಸ್ತಿ ಪಾಲಾದಾಗ ಅಂಗಡಿಯೂ ಮೇಲಿನ ಓಣಿಯ ಮನೆಯೂ ನಮಗೆ ಬಂದವು. ಹೊಲದ ಹೆಚ್ಚಿನ ಭಾಗವೂ ಕೆಳಗಿನ ಓಣಿಯ ಮಣ್ಣಿನ ಮನೆಯೂ ಗಂಡನ ಅಣ್ಣನಿಗೆ, ಅಂದರೆ ನಮ್ಮ ಭಾವನವರಿಗೆ ಹೋದವು.

ಭಾವನ ಹೆಂಡತಿ, ನನ್ನ ನೆಗೆಣ್ಣಿ, ಈ ಮನೆತನದಲ್ಲಿ ನನ್ನನ್ನು ಮೊದಲು ನಗಿಸಿದವಳು. ನಾನು ಬಂದ ಹೊಸತರಲ್ಲಿ ರೊಟ್ಟಿ ಬಡಿಯಲು ಹೋಗಿ ಹರಿದುಕೊಂಡು ಕೂತಿದ್ದಾಗ, ಅತ್ತೆಗೆ ಕಾಣದಂತೆ ಆ ರೊಟ್ಟಿಗಳನ್ನೆಲ್ಲ ಎಮ್ಮೆಗೆ ಹಾಕಿ, ತಾನು ಬಡಿದವನ್ನು ನನ್ನ ಬುಟ್ಟಿಯಲ್ಲಿಟ್ಟವಳು. ನಾನು ಸಾಲೆಗೆ ಹೋದಾಗ ನನ್ನ ಇಬ್ಬರು ಮಕ್ಕಳು ಉಂಡದ್ದು ಅವಳ ಕೈಯಿಂದಲೇ. ಪಾಲಾದ ಮೇಲೂ ಎರಡು ಮನೆಯ ನಡುವೆ ಪಲ್ಯದ ಬಟ್ಟಲು ಓಡಾಡುವುದು ನಿಲ್ಲಲಿಲ್ಲ. ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಆದರೆ ಮಾತಿಗೆ ನಿಂತರೆ ಪಂಚಾಯ್ತಿಯವರೇ ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಹಾಗಲ್ಲ. ನಾಲ್ಕು ಮಂದಿಯ ಮುಂದೆ ಬಾಯಿ ಬಿಡಬೇಕೆಂದರೆ ಮೊದಲು ಬರೆದುಕೊಳ್ಳುವವಳು.

ಆ ವರ್ಷ ಹಳ್ಳ ಬಂದಾಗ ಅವರ ಮನೆಯ ಹಿತ್ತಲ ಗೋಡೆ ಮತ್ತು ಬಾಜುವಿನ ಗೋಡೆ ಬಿದ್ದವು. ಮೇಲಿನ ಮಣ್ಣಿನ ಮಾಳಿಗೆ ಅರ್ಧ ಕುಸಿಯಿತು. ಜನಕ್ಕೆ ಏನೂ ಆಗಲಿಲ್ಲ. ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು, ಮುಂದಿನ ಕೋಲಿಯಲ್ಲಿ ಇರತೊಡಗಿದರು. ನೀರು ಇಳಿದ ಮೇಲೆ ಕಚೇರಿಯಿಂದ ಸಾಹೇಬರೊಬ್ಬರು ಹಾನಿ ನೋಡಲು ಬಂದರು. ಒಳಗೆ ಹೋಗಲಿಲ್ಲ, ಕೆಸರಿತ್ತು. ಬಾಗಿಲಲ್ಲಿ ನಿಂತೇ, "ಎರಡು ಗ್ವಾಡಿ ನಿಂತಾವಲ್ರಿ" ಎಂದು ಭಾಗಶಃ ಹಾನಿ ಎಂದು ಬರೆದುಕೊಂಡರು.

"ಎರಡು ಗ್ವಾಡ್ಯಾಗ ಹೆಂಗ ಇರೂದ್ರಿ? ನೀವ ಒಂದಿನಾ ಇದ್ದು ತೋರಸ್ರಿ" ಎಂದಳು ನನ್ನ ನೆಗೆಣ್ಣಿ.

ಅವರು ನಕ್ಕರು. ಬರೆದದ್ದನ್ನು ತಿದ್ದಲಿಲ್ಲ. ಪೂರ್ತಿ ಹಾನಿ ಎಂದಾದರೆ ಮನೆ ಕಟ್ಟಿಕೊಳ್ಳುವಷ್ಟು ಪರಿಹಾರ. ಭಾಗಶಃ ಎಂದಾದರೆ ತಗಡು ಹೊದಿಸುವಷ್ಟು. ಆ ಒಂದು ಶಬ್ದದಿಂದ ಅವರ ಮುಂದಿನ ವರ್ಷಗಳು ಹೇಗಿರುತ್ತವೆಂದು ತೀರ್ಮಾನವಾಯಿತು.

ಇದಾಗಿ ಕೆಲವು ವಾರಗಳಿಗೆ ನಮ್ಮ ಭಾಗದ ವರದಿಗಾರ ಮನೆಗೆ ಬಂದ. ಅವನು ನನ್ನ ಹಳೆಯ ವಿದ್ಯಾರ್ಥಿ. ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತಾನೆ, ಒಂದು ಚಾನೆಲ್ಲಿಗೆ ವಿಡಿಯೋ ಕಳಿಸುತ್ತಾನೆ, ಎರಡಕ್ಕೂ ಜಾಹೀರಾತು ಕೂಡಿಸಿಕೊಡುತ್ತಾನೆ. ಚಾನೆಲ್ಲಿನವರು ಬೆಂಗಳೂರಿನಿಂದ ಬರುತ್ತಿದ್ದಾರೆ, ಹಳ್ಳದ ನೀರಿನ ಬಗ್ಗೆ ಜನರ ಮಾತು ಕೇಳುವ ಕಾರ್ಯಕ್ರಮ, ಕಲ್ಯಾಣ ಮಂಟಪದಲ್ಲಿ ಮಾಡುತ್ತಾರೆ ಎಂದ.

"ಹೆಣ್ಣಮಕ್ಕಳು ಬೇಕಾಗ್ಯಾರ್ರಿ ಅಕ್ಕೋರ. ಗಂಡಸರು ರಗಡ ಅದಾರ. ನೀವು ಬಂದ್ರ ಒಂದು ಶೋಭಾ."

ಶೋಭೆಗೆ ಹೋಗುವ ಮನಸ್ಸಿರಲಿಲ್ಲ. ಆದರೆ ನೆಗೆಣ್ಣಿ ಒಳಗಿನಿಂದ ಕೇಳಿಸಿಕೊಂಡಿದ್ದಳು. "ನಾ ಬರ್ತೇನಿ. ಮೈಕ್ ಕೊಡತಾರೋ ಇಲ್ಲೋ ಅಷ್ಟ ಕೇಳು" ಎಂದಳು. ಕೊಡುತ್ತಾರೆ ಎಂದ. ಹೀಗಾಗಿ ಅವಳ ಜೊತೆಗೆಂದು ನಾನು ಹೊರಟೆ. ಅವಳು ಇಳಕಲ್ಲ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಬಸ್ಸಿನಲ್ಲಿ ಉದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ತುಟಿ ಅಲುಗುತ್ತಿದ್ದವು. ಪರೀಕ್ಷೆಗೆ ಹೊರಟ ಹುಡುಗಿಯ ಹಾಗೆ ಕಂಡಳು.

ಮಂಟಪದಲ್ಲಿ ದೀಪಗಳ ಶೆಕೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬಾತ ನಮ್ಮನ್ನು ಕೂಡಿಸಿ, ಕಾರ್ಯಕ್ರಮ ಶುರುವಾಗುವ ಮೊದಲೇ ಚಪ್ಪಾಳೆ ಹೊಡೆಯಲು ಹೇಳಿದ. ಹೊಡೆದೆವು. ಕ್ಯಾಮೆರಾದವನು ನಮ್ಮ ಸಾಲುಗಳ ಮುಂದೆ ನಡೆದುಹೋದ. "ಈಗ ನಗಿ" ಎಂದ. ನಕ್ಕೆವು. "ಈಗ ಸೀರಿಯಸ್ಸಾಗಿ ಕೇಳ್ತಿರೋ ಥರ ನೋಡಿ" ಎಂದ. ವೇದಿಕೆಯ ಮೇಲೆ ಆಗ ಇದ್ದದ್ದು ಖಾಲಿ ಕುರ್ಚಿಗಳು. ಖಾಲಿ ಕುರ್ಚಿಗಳಿಗೆ ನಾವು ಚಪ್ಪಾಳೆ ಹೊಡೆದೆವು, ನಕ್ಕೆವು, ಗಂಭೀರವಾಗಿ ಕೇಳಿದೆವು. ಇಷ್ಟು ಓದಿದ ನನಗೆ ಆಗಲೇ ತಿಳಿಯಬೇಕಿತ್ತು, ತಿಳಿಯಲಿಲ್ಲ. ಸಿನಿಮಾ ಶೂಟಿಂಗ್ ನೋಡಿದಷ್ಟು ಮಜಾ ಅನಿಸಿತ್ತು.

ಮಾತಾಡುವವರನ್ನು ಮುಂದಿನ ಸಾಲಿಗೆ ಕರೆದರು. ನೆಗೆಣ್ಣಿ ಹೋದಳು. ನಾನು ಮೂರನೆಯ ಸಾಲಿನಲ್ಲಿ ಅವಳ ಬೆನ್ನಿಗೆ ಉಳಿದೆ. ಅವಳ ಪಾಳಿ ಬಂತು. ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಹಳ್ಳ ಬಂದಾಗ ನಾ ಒಲಿ ಮುಂದ ಇದ್ದೆ. ಮೊದಲ ನೀರು ಬರಲಿಲ್ರಿ, ಹಾವು ಬಂತು. ಅದರ ಹಿಂದ ನೀರು. ರೊಟ್ಟಿ ಹಂಚಿನ ಮ್ಯಾಗ ಹಂಗ ಬಿಟ್ಟು ಹೊರಗ ಬಂದೆ. ಗ್ವಾಡಿ ಬಿದ್ದದ್ದು ಕಾಣಲಿಲ್ಲ, ಕೇಳಸ್ತು. ಜೋಳದ ಚೀಲ ಒಗದಂಗ ಸಪ್ಪಳ. ಆಮ್ಯಾಗ ಸಾಹೇಬ್ರು ಬಂದು ಎರಡು ಗ್ವಾಡಿ ನಿಂತಾವ ಅಂದ್ರು. ನಿಂತಾವ, ಖರೆ. ನಾಕೂ ಬಿದ್ದಿದ್ರ ಅದರ ಬುಡಕ ನಾವೂ ಇರತಿದ್ವಿ. ನಾವು ಸಾಯಲಿಲ್ಲ ಅಂತ ನಮಗ ಕಡಿಮಿ ಬರದಾರ."

ಚಪ್ಪಾಳೆ ಬಿತ್ತು, ಈ ಸಲ ಯಾರೂ ಹೇಳದೆ. ನಾನು ಗೋಣು ಹಾಕಿದೆ. ಎರಡು ಸಲ, ನಿಧಾನವಾಗಿ. ಕಣ್ಣು ತುಂಬಿ ಬಂದಿತ್ತು. ಇಡೀ ಜೀವಮಾನದಲ್ಲಿ ನಾನು ಅಷ್ಟು ಮನಸಾರೆ ಗೋಣು ಹಾಕಿದ್ದು ಇನ್ನೊಂದು ನೆನಪಿಲ್ಲ.

ನಮ್ಮ ಭಾಗದ ರಾಜಕೀಯ ನಾಯಕರು, ಅಂದಿನ ಮುಖ್ಯ ಅತಿಥಿ, ಬಂದದ್ದು ಇದೆಲ್ಲ ಮುಗಿದ ಮೇಲೆ. ಅವರು ಆಗ ಯಾವ ಸ್ಥಾನದಲ್ಲೂ ಇರಲಿಲ್ಲ. ಆದರೂ ಅವರ ಫೋನು ಹೋದರೆ ಕಚೇರಿಗಳಲ್ಲಿ ಜನ ಎದ್ದು ನಿಲ್ಲುತ್ತಾರೆ. ಮಾಲೆ, ಶಾಲು, ಎಲ್ಲ ಆಯಿತು. ನಿರೂಪಕ ಬಿದ್ದ ಮನೆಗಳ ಬಗ್ಗೆ ಕೇಳಿದ. ಅವರು ಕುರ್ಚಿಗೆ ಆರಾಮಾಗಿ ಒರಗಿ ಹೇಳಿದರು:

"ನೋಡ್ರಿ, ನಾ ಅಗದಿ ನೇರ ಮನಶ್ಯಾ. ಮಳಿಗೆ ಬಿದ್ದ ಮನಿಗಿಂತ ಪರಿಹಾರಕ್ಕ ಬಿದ್ದ ಮನಿ ಹೆಚ್ಚದಾವು. ತಾವ ಹಾರಿ ತಗೊಂಡು ಗ್ವಾಡಿ ಕೆಡವ್ಯಾರ, ತಾವ ಅದರ ಮುಂದ ಅತ್ತಗೊಂತ ನಿಂತು ಫೋಟೋ ತಗಸ್ಯಾರ."

ಅವರ ಹಿಂದೆ ಬಂದವರು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಮುಂದಿನ ಸಾಲಿನಲ್ಲಿ ನೆಗೆಣ್ಣಿ ಎದ್ದು ನಿಂತು, "ಯಾರ್ರೀ ಕೆಡವ್ಯಾರ? ಹೆಸರು ಹೇಳ್ರಿ!" ಎಂದು ಕೂಗಿದಳು. ಅಷ್ಟರಲ್ಲಿ ನಿರೂಪಕ ಕ್ಯಾಮೆರಾ ಕಡೆ ತಿರುಗಿ ಚಿಕ್ಕ ವಿರಾಮ ಎಂದ. ದೀಪ ಆರಿಸಿದರು. ನಾನು ಅವಳ ಕೈ ಹಿಡಿದು ಹೊರಗೆ ಕರೆತಂದೆ. ಬಸ್ಸಿನಲ್ಲಿ ಕೂತ ಮೇಲೆ ಸಮಾಧಾನವಾದಳು. "ಅಂವಾ ಏನರ ಅಂದ್ಕೊಳ್ಲಿ. ನಾ ಹೇಳೂದು ಹೇಳೀನಿ. ರಾಜ್ಯಾನ ನೋಡತೈತಿ" ಎಂದಳು.

ರವಿವಾರ ಸಂಜೆ ಪ್ರಸಾರ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಓಣಿಯ ಹೆಂಗಸರು ಕೂಡಿದ್ದರು. ನೆಗೆಣ್ಣಿ ಚುರಮುರಿ ಒಗ್ಗರಣೆ ಹಾಕಿ ಎಲ್ಲರಿಗೂ ಕೊಟ್ಟಿದ್ದಳು, ಟೀವಿಯ ನೇರಕ್ಕೆ ಕೂತಿದ್ದಳು. ನಾನು ಚಹಾ ಸೋಸುತ್ತ ಒಳಬಾಗಿಲಲ್ಲಿ ನಿಂತಿದ್ದೆ.

ಕಾರ್ಯಕ್ರಮದಲ್ಲಿ ಅವಳು ಇರಲಿಲ್ಲ. ಒಂದು ಕಡೆ ಮೈಕ್ ಹಿಡಿದ ಎರಡು ಕೈ ಕಂಡವು, ಸೀರೆಯ ಅಂಚು ಕಂಡಿತು, ಅದರ ಮೇಲೆ ನಿರೂಪಕನ ದನಿ: "ಸಂತ್ರಸ್ತರು ತಮ್ಮ ಅಳಲು ತೋಡಿಕೊಂಡರು." ಅಷ್ಟರಲ್ಲೇ ನಾಯಕರು ಬಂದುಬಿಟ್ಟರು. ಹಾರೆಯ ಮಾತು ಪೂರ್ತಿ ಬಂತು. ಅದು ಮುಗಿಯುತ್ತಲೇ ಪರದೆಯ ತುಂಬ ನನ್ನ ಮುಖ. ಕಣ್ಣಲ್ಲಿ ನೀರು. ಎರಡು ಸಲ, ನಿಧಾನವಾಗಿ, ನಾನು ಗೋಣು ಹಾಕಿದೆ.

"ಅಯ್ಯ, ಅಕ್ಕೋರು ಬಂದ್ರು ನೋಡ್ರಿ!" ಎಂದು ಯಾರೋ ಖುಷಿಯಿಂದ ಕೂಗಿದರು. ಆಮೇಲೆ ಒಬ್ಬೊಬ್ಬರಿಗೇ ಅರ್ಥವಾಗುತ್ತ ಹೋಯಿತು. ಚುರಮುರಿ ತಿನ್ನುವ ಸದ್ದು ನಿಂತಿತು.

"ಅಕ್ಕಾ, ನಾ ಅದಕ್ಕ ಹಾಕಿಲ್ಲ" ಎಂದೆ. ಚಹಾದ ಪಾತ್ರೆ ಕೈಯಲ್ಲೇ ಇತ್ತು. "ನೀ ಮಾತಾಡಿದಾಗ ಹಾಕಿದ್ದೆ. ಅದನ್ನ ತಂದು ಇಲ್ಲೆ ಕೂಡಿಸ್ಯಾರ."

ಅವಳು ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ನಾ ನಿನಗ ಬೆನ್ನ ಮಾಡಿ ಕುಂತಿದ್ದೆ. ನನಗೇನ ಕಾಣತಿತ್ತು?" ಎಂದಳು.

"ನನ್ನ ಮ್ಯಾಲ ವಿಶ್ವಾಸಿಲ್ಲೇನ ನಿನಗ?"

"ಐತಿ. ಆದರ ನಾ ಆಡಿದ ಮಾತು ಎಲ್ಲಿ ಹೋತು? ಅದಕ್ಕ ಗೋಣ ಹಾಕಿದ್ದಿ ಅಂತೀದಿ. ಮಾತ ಇಲ್ಲಲ್ಲ."

ಮರುದಿನ ನಾನು ಸಾಲೆಯಿಂದ ಬರುವಷ್ಟರಲ್ಲಿ ಅವರ ಹಾಸಿಗೆ, ಪಾತ್ರೆ, ದೇವರ ಜಗುಲಿಯ ಸಾಮಾನು ಎಲ್ಲ ಕೆಳಗಿನ ಓಣಿಗೆ ಹೋಗಿದ್ದವು. ನಿಂತ ಎರಡು ಗೋಡೆಗೆ ತಗಡು ಕಟ್ಟಿಕೊಂಡು ಇರತೊಡಗಿದರು.

ಆ ತುಣುಕನ್ನು ನಾಯಕರ ಕಡೆಯವರು ಬೇರೆಯಾಗಿ ಕತ್ತರಿಸಿ ಫೋನುಗಳಿಗೆ ಬಿಟ್ಟರು. ಹಾರೆಯ ಮಾತು, ನನ್ನ ಗೋಣು, ಮೇಲೆ ಒಂದು ಸಾಲು: ಸತ್ಯ ಕೇಳಿ ಕಣ್ಣೀರಿಟ್ಟ ಶಿಕ್ಷಕಿ. ನಮ್ಮ ಸಾಲೆಯ ಪಾಲಕರ ಗುಂಪಿನಲ್ಲೂ ಬಂತು. ಅದರ ಕೆಳಗೆ ಕೈಮುಗಿಯುವ ಚಿತ್ರಗಳು ಸಾಲಾಗಿ ಬಿದ್ದಿದ್ದವು.

ವರದಿಗಾರನಿಗೆ ಫೋನು ಮಾಡಿದೆ. ಎತ್ತಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹಿಡಿದೆ. ಅವನಿಗೆ ಪಾಪ, ನಾನು ಯಾಕೆ ಸಿಟ್ಟಾಗಿದ್ದೇನೆಂದೇ ತಿಳಿಯಲಿಲ್ಲ.

"ಎಡಿಟಿಂಗ್ ಬೆಂಗಳೂರಾಗ ಆಗತೈತ್ರಿ ಅಕ್ಕೋರ. ಯಾರೋ ಕುಂತು ಜೋಡಸ್ತಾರ. ಯಾರರ ಗೋಣ ಹಾಕಿದ್ದು ಬೇಕಾಗಿರತೈತಿ, ನಿಮ್ದು ಛಲೋ ಬಂದಿತ್ತು, ಹಾಕ್ಯಾರ. ಅದರಾಗ ಏನೂ ದ್ವೇಷ ಇಲ್ರಿ."

"ಮೊದಲಿನ ಪೂರ್ತಿ ವಿಡಿಯೋ ತರಸು."

"ಅದನ್ನ ಇಟ್ಟಿರೂದಿಲ್ರಿ."

"ಹಂಗಾದ್ರ ನಿನ್ನ ಪತ್ರಿಕಾದಾಗರ ಬರಿ. ನಾ ಬರದು ಕೊಡ್ತೇನಿ."

ಅವನು ತಲೆ ಕೆರೆದುಕೊಂಡ. "ಏನಂತ ಹೆಡ್ಡಿಂಗ್ ಕೊಡೂದ್ರಿ? 'ಶಿಕ್ಷಕಿ ಗೋಣು ಹಾಕಿಲ್ಲ' ಅಂತ? ಹಾಕಿದ್ದು ಸುದ್ದಿ ಆಗತೈತ್ರಿ. ಹಾಕಲಾರದ್ದು ಹೆಂಗ ಸುದ್ದಿ ಆಗತೈತಿ?"

ವ್ಯಾಕರಣ ನಾನೇ ಕಲಿಸಿದ್ದು. ಅವನ ವಾಕ್ಯದಲ್ಲಿ ತಪ್ಪಿರಲಿಲ್ಲ.

ಮರುದಿನ ಹೆಡ್‌ಮಾಸ್ತರು ತಮ್ಮ ಕೋಣೆಗೆ ಕರೆದರು. ನಾನು ಚಾನೆಲ್ಲಿಗೆ ಪತ್ರ ಬರೆಯುವವಳಿದ್ದೇನೆಂದು ಅವರಿಗೆ ಸುದ್ದಿ ಮುಟ್ಟಿತ್ತು. ಒಳ್ಳೆಯ ಮನುಷ್ಯ, ನಿವೃತ್ತಿ ಹತ್ತಿರ ಬಂದಿತ್ತು. ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದರು: "ನೀವು ಗೋಣ ಹಾಕಿದ್ದಕ್ಕ ಯಾರೂ ನೋಟಿಸ್ ಕೊಡಂಗಿಲ್ರಿ. ಹಾಕಿಲ್ಲ ಅಂತ ಬರದ್ರ ಕೊಡ್ತಾರ. ನೌಕರದಾರರು ರಾಜಕೀಯದ ಬಗ್ಗೆ ಹೇಳಿಕಿ ಕೊಡೂಹಂಗಿಲ್ಲ."

"ಹಂಗಾದ್ರ ಗೋಣ ಹಾಕಿದ್ದು ಹೇಳಿಕಿ ಅಲ್ಲೇನ್ರಿ ಸರ್?"

"ಅದು ಅನುಕೂಲದ್ದು" ಎಂದರು. ಹೇಳಿದ ಮೇಲೆ ಅವರಿಗೇ ನಾಚಿಕೆಯಾಗಿರಬೇಕು, ಕನ್ನಡಕ ಒರೆಸತೊಡಗಿದರು.

ಚಾನೆಲ್ಲಿಗೆ ಪತ್ರ ಬರೆದೇ ಬರೆದೆ. ಉತ್ತರವಿಲ್ಲ. ನೋಟಿಸೂ ಬರಲಿಲ್ಲ. ಯಾರಾದರೂ ಓದಿದ್ದರೆ ತಾನೆ.

ನಾನು ಹೆದರಿದ್ದು ಊರು ಏನನ್ನುತ್ತದೋ ಎಂದು. ಕೆಳಗಿನ ಓಣಿಯವರು ಮುಖಕ್ಕೆ ಉಗಿಯುತ್ತಾರೆ, ಅದಕ್ಕೆ ತಯಾರಾಗಬೇಕು ಎಂದುಕೊಂಡಿದ್ದೆ. ಅದು ಆಗಿದ್ದರೆ ಒಳ್ಳೆಯದಿತ್ತು. ಆದದ್ದು ಬೇರೆ. ಬಸ್ಸಿನಲ್ಲಿ ನನಗೆ ಸೀಟು ಬಿಡತೊಡಗಿದರು. ಅಂಗಡಿಗೆ ಬಂದವರು ನನ್ನ ಗಂಡನಿಗೆ ನಮಸ್ಕಾರ ಹೇಳುವ ರೀತಿ ಬದಲಾಯಿತು. ಒಬ್ಬಳು ಅಂಗನವಾಡಿಯ ಕೆಲಸಕ್ಕೆ ನಾಯಕರಿಗೆ ಒಂದು ಮಾತು ಹೇಳಿರೆಂದು ಮನೆಗೆ ಬಂದಳು. ಅವಳ ಮನೆಯ ಗೋಡೆಯೂ ಬಿದ್ದಿತ್ತು. ಹಾರೆಯ ಮಾತು ಅವಳಿಗೂ ತಾಗಿರಬೇಕಲ್ಲ? ತಾಗಿತ್ತು. "ಅಂವಾ ಅನ್ನಾಂವ ಅಂತಾನ್ರಿ, ನೀವು ಅವರ ಕಡಿಯವ್ರು ಆದ್ರಿ, ಛಲೋ ಆತು, ನಮಗೂ ಒಬ್ರು ಇದ್ದಂಗಾತು" ಎಂದಳು. ನಾನು ಅವರ ಕಡೆಯವಳಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಕೇಳಿ, ನಕ್ಕು, "ಹಂಗ ಹೇಳಬೇಕಾಗತೈತಿ ಬಿಡ್ರಿ, ನೌಕರಿ" ಎಂದಳು. ನಾನು ನಿರಾಕರಿಸಿದಷ್ಟೂ ನನ್ನ ವಜನು ಹೆಚ್ಚುತ್ತ ಹೋಯಿತು.

ಗಂಡನಿಗೆ ಇದು ಕಹಿಯಾಗಲಿಲ್ಲ. "ಆದದ್ದು ಆತು. ನೀ ಬಾಯಿ ಬಿಟ್ಟು ಏನೂ ಸುಳ್ಳ ಹೇಳಿಲ್ಲ. ಸುಮ್ನ ಇದ್ರ ತಾನ ಮರೀತಾರ" ಎಂದರು. ಮರೆಯುವುದು ಅವರಿಗೂ ಬೇಕಿರಲಿಲ್ಲವೆಂದು ನನಗೆ ಗೊತ್ತಿತ್ತು. ಅಂಗಡಿಗೆ ತಪಾಸಣೆಗೆ ಬರುತ್ತಿದ್ದವರು ಆ ಹಂಗಾಮಿನಲ್ಲಿ ಚಹಾ ಕುಡಿದು ಹೋಗಿದ್ದರು.

ಚಳಿಗಾಲ ಶುರುವಾದಾಗ ಒಂದು ಮುಂಜಾನೆ ಭಾವನವರು ಹಿತ್ತಲ ಬಾಗಿಲಿನಿಂದ ಬಂದರು. ತಮ್ಮನ ಮನೆಗೆ ಅವರು ಹಿತ್ತಲಿಂದ ಬಂದದ್ದು ಅದೇ ಮೊದಲು. ನಾನು ಸಾಲೆಗೆ ಹೊರಡುವ ಗಡಿಬಿಡಿಯಲ್ಲಿದ್ದೆ. ನಿಂತುಕೊಂಡೇ, ಟೋಪಿಯನ್ನು ಕೈಯಲ್ಲಿ ಹಿಡಿದು ಹೇಳಿದರು:

"ನೋಡವ್ವಾ, ತಗಡಿನ ಬುಡಕ ಥಂಡಿ ತಡಕೊಳ್ಳಾಕ ಆಗವಲ್ದು. ಅಕಿಗೆ ಕೆಮ್ಮ ಹತ್ತೇತಿ. ನಿನ್ನ ಮಾತು ಆ ನಾಯಕರು ಕೇಳ್ತಾರಂತ. ಮನಿ ಪೂರ್ತಿ ಬಿದ್ದೇತಿ ಅಂತ ಬರಸಿ ಕೊಟ್ರ..."

"ಭಾವಾರ, ಅವರಿಗೂ ನನಗೂ ಏನೂ ಸಂಬಂಧ ಇಲ್ರಿ. ನಿಮಗರ ಗೊತ್ತಿಲ್ಲೇನ್ರಿ?"

"ನನಗ ಗೊತ್ತೈತೆವ್ವಾ" ಎಂದರು. "ಅವರಿಗೆ ಗೊತ್ತಿಲ್ಲಲಾ. ಅಷ್ಟ ಸಾಕು."

ಅಕ್ಕನಿಗೆ ಹೇಳಿದ್ದೀರಾ ಎಂದು ಕೇಳಿದೆ. ಇಲ್ಲವೆಂದು ತಲೆ ಅಲ್ಲಾಡಿಸಿದರು. ನನಗೆ ಅವಳ ಕೆಮ್ಮು ಕೇಳಿಸಿದ ಹಾಗಾಯಿತು. ಸಾಲೆಗೆ ರಜೆ ಹಾಕಿ ಅವರ ಜೊತೆ ಹೋದೆ. ಈಗಲೂ ಯಾರಾದರೂ ಬೇರೆ ದಾರಿ ಇತ್ತೆಂದರೆ ಕೇಳುತ್ತೇನೆ. ನನಗೆ ಕಾಣಲಿಲ್ಲ.

ನಾಯಕರ ಮನೆಯ ಅಂಗಳದಲ್ಲಿ ಅರ್ಜಿ ಹಿಡಿದವರು ಎಷ್ಟೋ ಮಂದಿ ಕೂತಿದ್ದರು. ಬಾಗಿಲಲ್ಲಿದ್ದವನು ನನ್ನ ಮುಖ ನೋಡಿ ನೇರ ಒಳಗೆ ಬಿಟ್ಟ. ನಾಯಕರು ಸೋಫಾದಿಂದ ಅರ್ಧ ಎದ್ದರು.

"ಬರ್ರಿ ಅಕ್ಕೋರ, ಕುಂದರ್ರಿ! ನಿಮ್ಮನ್ನ ಟೀವ್ಯಾಗ ನೋಡಿದ್ದೆ. ಚಹಾ ತರ್ರಿ ಇಲ್ಲೆ."

ಭಾವನವರು ವಿಷಯ ಹೇಳಿದರು. ನಾಯಕರು ಪೂರ್ತಿ ಕೇಳಲೂ ಇಲ್ಲ. ಫೋನು ಹಚ್ಚಿದರು. "ಅಕ್ಕೋರ ಮನಿಯವ್ರು ಬಂದಾರ. ಅವರ ಭಾವಾರ ಮನಿ. ಇನ್ನೊಮ್ಮೆ ಹೋಗಿ ನೋಡ್ರಿ. ಹಾಂ, ಪೂರ್ತಿ." ಫೋನು ಇಟ್ಟರು. ನೆಗೆಣ್ಣಿ ಮಂಟಪದಲ್ಲಿ ಮೈಕ್ ಹಿಡಿದು ಕೂಗಿ ಹೇಳಿದರೂ ಆಗದ್ದು ಚಹಾ ಆರುವ ಮೊದಲು ಆಯಿತು. ಗೋಡೆ ಕೆಡವಿದವರು ಯಾರೆಂದು ಅಂದು ಮಂಟಪದಲ್ಲಿ ಕೂಗಿ ಕೇಳಿದವಳು ಈ ಭಾವನವರ ಹೆಂಡತಿಯೇ ಎಂದು ನಾಯಕರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಫೋನು ಹಚ್ಚುತ್ತಿದ್ದರೇನೋ. ಆ ಮಾತು ಆಡಿದ್ದೇ ಅವರಿಗೆ ನೆನಪಿದ್ದಂತಿರಲಿಲ್ಲ.

ನಾನು ಸುಮ್ಮನೆ ಎದ್ದು ಬರಬಹುದಿತ್ತು. ಬರಲಾಗಲಿಲ್ಲ.

"ಸಾಹೇಬ್ರ, ಒಂದ ಮಾತು. ಟೀವ್ಯಾಗ ತೋರಿಸಿದ್ರಲಾ, ನೀವು ಆಡಿದ ಮಾತಿಗೆ ನಾ ಗೋಣ ಹಾಕಿರಲಿಲ್ರಿ."

ಭಾವನವರು ಕೂತಲ್ಲೇ ಮೈ ಬಿಗಿ ಹಿಡಿದರು. ನಾಯಕರು ನನ್ನನ್ನು ಒಂದು ಕ್ಷಣ ನೋಡಿದರು. ಸಿಟ್ಟಾಗಲಿಲ್ಲ. ಜೋರಾಗಿ ನಕ್ಕುಬಿಟ್ಟರು.

"ಹಾಕಿದ್ರೇನು, ಬಿಟ್ರೇನು ಅಕ್ಕೋರ? ಕೆಲಸ ಆತಿಲ್ಲೋ? ಚಹಾ ಕುಡೀರಿ."

ಕುಡಿದೆ. ಅಧಿಕಾರ ಅಂದರೆ ಗದರಿಸುವುದು, ಬಾಯಿ ಕಟ್ಟುವುದು ಎಂದು ಪಾಠದಲ್ಲಿ ನಾನೂ ಮಕ್ಕಳಿಗೆ ಹೇಳಿದ್ದುಂಟು. ಅಂದು ಆ ಸೋಫಾದ ಮೇಲೆ ಕೂತು ನೋಡಿದೆ: ನನ್ನ ಬಾಯಿ ಯಾರೂ ಕಟ್ಟಲಿಲ್ಲ. ಸತ್ಯ ಪೂರ್ತಿ ಹೇಳಲು ಬಿಟ್ಟರು, ಮೇಲೆ ಬಿಸ್ಕೀಟನ್ನೂ ಕೊಟ್ಟರು. ಅದರಿಂದ ಯಾರ ಕೂದಲೂ ಕೊಂಕಲಿಲ್ಲ.

ಕಚೇರಿಯಿಂದ ಅದೇ ಸಾಹೇಬರು ಮತ್ತೆ ಬಂದರು. ಅದೇ ಎರಡು ಗೋಡೆ. ಮೊದಲ ಸಲ ಅವು ನಿಂತ ಗೋಡೆಗಳಾಗಿದ್ದವು, ಈ ಸಲ ಬೀಳಲಿರುವ ಗೋಡೆಗಳಾದವು. ಪೂರ್ತಿ ಹಾನಿ ಎಂದು ಬರೆದುಕೊಂಡರು. ಆ ಓಣಿಯಲ್ಲಿ ಹಾಗೇ ಅರ್ಧ ನಿಂತ ಮನೆಗಳು ಇನ್ನೂ ಇದ್ದವು. ಅವುಗಳ ಮುಂದೆ ಸಾಹೇಬರು ನಿಲ್ಲಲಿಲ್ಲ. ನೆಗೆಣ್ಣಿಯ ಮನೆಯ ಬುನಾದಿ ತೋಡುವಾಗ ಓಣಿಯ ಹೆಂಗಸರು ಅವಳ ಕಿವಿಗೆ ಬೀಳುವಂತೆ, "ಗೋಣ ಹಾಕಾವ್ರು ಮನ್ಯಾಗ ಇರಬೇಕವ್ವಾ" ಎಂದಾಡಿದರಂತೆ. ನಾನು ಹೋಗಿ ಹೇಳಿದ್ದೆಂದು ಅವಳಿಗೆ ತಿಳಿದದ್ದೇ ಹಾಗೆ.

ಮನೆ ಎದ್ದಿತು. ಎರಡು ಕೋಲಿ, ಸಿಮೆಂಟಿನ ಗೋಡೆ. ಮನೆ ತುಂಬುವ ದಿನ ಭಾವನವರು ಬಂದು ಕರೆದರು, ಹೋದೆವು. ಸ್ವಾಮಿಗಳ ಪಾದಪೂಜೆಯಾಯಿತು, ಪಂಗ್ತಿ ಕೂತಿತು. ನಾನು ಅಡಿಗೆ ಮನೆಗೆ ಹೋದೆ. ಅವಳು ಒಬ್ಬಳೇ ಹೋಳಿಗೆ ಬೇಯಿಸುತ್ತಿದ್ದಳು. ಬಾಜುವಿಗೆ ಕೂತು ಹಿಟ್ಟಿಗೆ ಕೈ ಹಾಕಿದೆ. ಬೇಡವೆನ್ನಲಿಲ್ಲ.

"ಅಕ್ಕಾ, ಈಗರ ಕೇಳು. ಅಂವಾ ಆಡಿದ ಮಾತಿಗೆ ನಾ ಗೋಣ ಹಾಕಿಲ್ಲ. ದೇವರಾಣಿ, ನಿನ್ನ ಮಾತಿಗೆ ಹಾಕೀನಿ."

ಅವಳು ಹಂಚಿನ ಮೇಲಿನ ಹೋಳಿಗೆ ತಿರುವಿ ಹಾಕಿದಳು. ಸಿಟ್ಟಿನ ದನಿಯಲ್ಲ, ಲೆಕ್ಕ ಬಿಡಿಸಿ ಹೇಳುವ ದನಿ: "ಹಾಕಿರಲಿಲ್ಲಂದ್ರ ಅಂವಾ ನಿಮ್ಮ ಮಾತಿಗೆ ಫೋನ್ ಯಾಕ ಹಚ್ಚತಿದ್ದ?"

ಅವಳ ಕೆಮ್ಮಿಗಾಗಿ ಹೋಗಿ ಕೂತು ಬಂದ ಆ ಸೋಫಾ, ಆ ಚಹಾ, ಆ ಫೋನು, ಎಲ್ಲ ಸೇರಿ ಚಾನೆಲ್ಲಿನವರು ಜೋಡಿಸಿದ ಸುಳ್ಳಿಗೆ ಸಾಕ್ಷಿ ನುಡಿದಿದ್ದವು. ಮೊದಲು ಅವಳಿಗೆ ಸಂಶಯವಿತ್ತು. ಸಂಶಯದಲ್ಲಿ ನನಗೂ ಸ್ವಲ್ಪ ಜಾಗವಿತ್ತು. ಮನೆ ಕಟ್ಟಿಸಿಕೊಟ್ಟು ಅದನ್ನೂ ನಾನೇ ಕಳೆದುಕೊಂಡಿದ್ದೆ. "ನಿಮ್ಮ" ಎಂದದ್ದು ನನಗೆ ತಡವಾಗಿ ಹೊಳೆಯಿತು. ಮದುವೆಯಾಗಿ ಬಂದಂದಿನಿಂದ ಅವಳು ನನಗೆ ನೀನು ಎನ್ನುತ್ತಿದ್ದಳು.

"ಉಣ್ಣಾಕ ಕುಂದರ್ರಿ. ತುಪ್ಪ ಆರತೈತಿ" ಎಂದಳು.

ಇದಾಗಿ ಎರಡು ಮಳೆಗಾಲ ಕಳೆದವು. ನಾಯಕರು ಪಕ್ಷ ಬದಲಿಸಿದರು. ಹೊಸ ಪಕ್ಷದ ಕಡೆಯವರು ಆ ತುಣುಕನ್ನು ಮತ್ತೊಮ್ಮೆ ಹೊರಗೆ ತೆಗೆದರು. ಹಾರೆಯ ಮಾತು ಕತ್ತರಿಸಿ, ಅವರು ಹಳ್ಳಕ್ಕೆ ತಡೆಗೋಡೆ ಕಟ್ಟಿಸುವೆನೆಂದ ಮಾತಿಗೆ ನನ್ನ ಗೋಣು ಅಂಟಿಸಿದ್ದರು. ಮೊದಲ ಸಲ ಕುದಿದ ಹಾಗೆ ಈ ಸಲ ಕುದಿಯಲಿಲ್ಲ. ಅಳಿಸಿ ಹಾಕಿ ಉತ್ತರಪತ್ರಿಕೆ ತಿದ್ದಲು ಕೂತೆ. ಕುದಿಯಲಿಲ್ಲವಲ್ಲ ಎಂಬುದೇ ಆಮೇಲೆ ಎದೆಯಲ್ಲಿ ಚುಚ್ಚಿತು. ಟೀವಿ ಮನೆಯಲ್ಲಿ ಇದೆ, ಗಂಡ ನೋಡುತ್ತಾರೆ. ನಾಲ್ಕು ಮಂದಿ ಕೂಡಿದಲ್ಲಿ ಯಾರಾದರೂ ಮಾತಾಡುತ್ತಿದ್ದರೆ ನಾನು ಗೋಣು ನೆಟ್ಟಗಿಟ್ಟುಕೊಂಡು ಕೂರುತ್ತೇನೆ. ಮಕ್ಕಳು ಸರಿಯಾದ ಉತ್ತರ ಹೇಳಿದಾಗಲೂ ಹಾಗೇ. ಅಕ್ಕೋರಿಗೆ ಕುತ್ತಿಗೆ ನೋವು ಎಂದುಕೊಂಡಿದ್ದಾರೆ.

ಹೋದ ತಿಂಗಳು ಹಿಟ್ಟಿನ ಗಿರಣಿಗೆ ಹೋಗಿದ್ದೆ. ಸಾಲು ಉದ್ದಕ್ಕಿತ್ತು, ನೆಗೆಣ್ಣಿ ಮುಂದೆ ನಿಂತಿದ್ದಳು, ಅವಳದೇ ಪಾಳಿ. ನನ್ನನ್ನು ಕಂಡು ತನ್ನ ಡಬ್ಬಿ ಪಕ್ಕಕ್ಕೆ ಸರಿಸಿದಳು.

"ನೀವು ಮೊದಲ ಹಾಕ್ರಿ ಅಕ್ಕೋರ. ಸಾಲಿಗೆ ಹೊತ್ತಾಗತೈತಿ."

"ಇಲ್ಲಕ್ಕಾ, ಇವತ್ತ ಸೂಟಿ. ನೀ ಹಾಕು" ಎಂದೆ.

ಅವಳು ಡಬ್ಬಿಯನ್ನು ಮುಂದೆ ತರಲಿಲ್ಲ. ಹಿಂದಿನವರೂ ಸರಿದು ದಾರಿ ಬಿಟ್ಟರು. ಗಿರಣಿಯವನು ಆಗಲೇ ನನ್ನ ಕೈಯಿಂದ ಚೀಲ ತೆಗೆದುಕೊಂಡು ಜೋಳ ಸುರಿದಾಗಿತ್ತು.